ಸುಟ್ಟ ಮನೆಗೆ ಸೂರು ಬೇಡವೇ?



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೀರ್ಘವಾದ ಪತ್ರವೊಂದು ಬಂದಿತು. ಅವನು ಇಂಗ್ಲೆಂಡಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಉದ್ಯೋಗದಲ್ಲಿದ್ದಾನೆ. ಎಂಟನೆಯ ತರಗತಿಯಲ್ಲಿ ಭೂಪಟ ಬರೆಯಲು ಹೇಳಿದರೆ ನದಿಗಳನ್ನು ಮರೆತು ಊರುಗಳ ಸುತ್ತ ಕೋಟೆ ಬರೆಯುತ್ತಿದ್ದ ಹುಡುಗ! ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಹೆಸರು ಬೇಡ. ಪತ್ರದ ಕೊನೆಯಲ್ಲಿ ಅವನು ಬರೆದಿದ್ದ ಮಾತು ಇದು: "ಮೇಷ್ಟ್ರೇ, ಕ್ಲ್ಯಾಂಡನ್ ಪಾರ್ಕ್ ಸುಟ್ಟ ಮೇಲೆ ನೀವು ತುಂಬ ನೊಂದುಕೊಂಡಿದ್ದಿರಿ. ಆದರೆ ಅದನ್ನು ಮತ್ತೆ ಮೊದಲಿನಂತೆ ಕಟ್ಟದೆ ಹಾಗೆಯೇ ಉಳಿಸಬೇಕೆಂಬ ತೀರ್ಮಾನವೇ ಪ್ರಾಮಾಣಿಕವಾದದ್ದು. ನೀವು ಏನೆನ್ನುತ್ತೀರಿ?"

ನಾನು ಏನೆನ್ನುತ್ತೇನೆ ಎಂಬುದನ್ನು ಅವನೊಬ್ಬನಿಗೇ ಬರೆಯುವ ಬದಲು ಇಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ. ಅವನ ಮಾತನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಸಾವಧಾನವಾಗಿ ಹೇಳಬೇಕಾಗಿದೆ.

ಮೊದಲು ಮನೆಯ ಪರಿಚಯ. ಕ್ಲ್ಯಾಂಡನ್ ಪಾರ್ಕ್ ಇರುವುದು ಸರ್ರೆ ಸೀಮೆಯಲ್ಲಿ, ಗಿಲ್ಫರ್ಡ್ ಪಟ್ಟಣಕ್ಕೆ ಸಮೀಪದ ವೆಸ್ಟ್ ಕ್ಲ್ಯಾಂಡನ್ ಎಂಬ ಹಳ್ಳಿಯಲ್ಲಿ. ಜಾರ್ಜ್ ಎಂಬ ಹೆಸರಿನ ನಾಲ್ವರು ಅರಸರು 1714ರಿಂದ 1830ರವರೆಗೆ ಒಬ್ಬರಾದ ಮೇಲೊಬ್ಬರು ಇಂಗ್ಲೆಂಡನ್ನು ಆಳಿದರು. ಆ ಕಾಲದ ವಾಸ್ತುಶೈಲಿಗೆ ಜಾರ್ಜಿಯನ್ ಎಂಬ ಹೆಸರು ಬಂದದ್ದು ಅದರಿಂದಲೇ. ಕ್ಲ್ಯಾಂಡನ್ ಆ ಶೈಲಿಯ ಆರಂಭದ ದಿನಗಳದು. 1730ರ ದಶಕದಲ್ಲಿ, ಎರಡನೆಯ ಬ್ಯಾರನ್ ಥಾಮಸ್ ಆನ್‌ಸ್ಲೋ ಎಂಬಾತನಿಗಾಗಿ ವೆನಿಸ್ ಮೂಲದ ಶಿಲ್ಪಿ ಜಾಕೊಮೊ ಲಿಯೋನಿ ಇದರ ವಿನ್ಯಾಸ ಮಾಡಿದನು. ಹದಿನಾರನೆಯ ಶತಮಾನದ ಇಟಲಿಯ ಮಹಾಶಿಲ್ಪಿ ಪಲ್ಲಾಡಿಯೋ 1570ರಲ್ಲಿ ಪ್ರಕಟಿಸಿದ ವಾಸ್ತುಗ್ರಂಥವನ್ನು ಇಂಗ್ಲಿಷ್ ಓದುಗರ ಕೈಗೆ ತಂದವನೂ ಈ ಲಿಯೋನಿಯೇ.

2013ರ ಮೇ ತಿಂಗಳಲ್ಲಿ ಮಗಳು ಮತ್ತು ಅಳಿಯಂದಿರು ನಮ್ಮನ್ನು ಅಲ್ಲಿಗೆ ಕರೆದೊಯ್ದರು. ದೂರದಿಂದ ಕಂಡಾಗ ನನಗೆ ನಿರಾಶೆಯೇ ಆಯಿತೆಂದು ಹೇಳಬೇಕು. ಕೆಂಪು ಇಟ್ಟಿಗೆಯ ದೊಡ್ಡದೊಂದು ಪೆಟ್ಟಿಗೆ. ಅದರ ಮೈಯಲ್ಲಿ ಸಾಲುಸಾಲಾಗಿ ಕಿಟಕಿಗಳು. ನಮ್ಮ ಕಡೆಯ ಹಳೆಯ ಸರ್ಕಾರಿ ಕಚೇರಿಗಳೂ ಹೀಗೆಯೇ ಇರುತ್ತವಲ್ಲ ಎಂದು ನನ್ನವಳು ನಕ್ಕಳು. ಆದರೆ ಬಾಗಿಲು ದಾಟಿ ಮಾರ್ಬಲ್ ಹಾಲ್ ಎಂಬ ಮೊಗಸಾಲೆಗೆ ಕಾಲಿಟ್ಟ ಕ್ಷಣ ಇಬ್ಬರ ಮಾತೂ ನಿಂತುಹೋಯಿತು. ಉದ್ದ, ಅಗಲ, ಎತ್ತರ ಮೂರೂ ಸುಮಾರು 40 ಅಡಿ. ಎರಡು ಅಂತಸ್ತುಗಳನ್ನು ಒಂದಾಗಿಸಿದ ಘನಾಕೃತಿ. ಹೆಸರು ಅಮೃತಶಿಲೆಯದಾದರೂ ಕಣ್ಣನ್ನು ಹಿಡಿದು ನಿಲ್ಲಿಸುತ್ತಿದ್ದುದು ಮೇಲಿನ ಗಾರೆಕೆಲಸ. ಅದು ಆರ್ಟಾರಿ ಮತ್ತು ಬಗುಟ್ಟಿ ಎಂಬ ಗಾರೆಶಿಲ್ಪಿಗಳ ಕೈಯದೆಂದು ವಿದ್ವಾಂಸರ ಮತ. ಮೂಲೆಗಳಲ್ಲಿ ಕುಳಿತ ಮನುಷ್ಯಾಕೃತಿಗಳು ಚೌಕಟ್ಟಿನಿಂದ ಹೊರಗೆ ಕಾಲು ಇಳಿಬಿಟ್ಟುಕೊಂಡಿದ್ದವು. ಎಲ್ಲಿ ಕೆಳಗೆ ಜಾರಿಬಿಡುತ್ತವೆಯೋ ಎಂದು ಕತ್ತು ನೋಯುವವರೆಗೂ ನೋಡಿದೆ. ಕೆಳಗೆ ಎರಡು ಅಗ್ಗಿಷ್ಟಿಕೆಗಳ ಮೇಲೆ ರಿಸ್‌ಬ್ರಾಕ್ ಎಂಬ ಶಿಲ್ಪಿ ಕಡೆದ ಅಮೃತಶಿಲೆಯ ಉಬ್ಬುಚಿತ್ರಗಳಿದ್ದವು.

ಹೊರಗೆ ಇಷ್ಟು ಬಿಗಿ, ಒಳಗೆ ಇಷ್ಟು ಬೆಡಗು! ಆ ಶೈಲಿಯ ಮರ್ಮವೇ ಅದೆಂದು ನನಗೆ ತಿಳಿದುದು ಅಂದು. ಇಟ್ಟಿಗೆಯ ಗೋಡೆ ಅದರ ಅರ್ಧಭಾಗ ಮಾತ್ರ. ಈ ಮಾತನ್ನು ನೆನಪಿನಲ್ಲಿಡಿ. ನನ್ನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಎರಡು ವರ್ಷ ಕಳೆಯುವುದರೊಳಗೆ, 2015ರ ಏಪ್ರಿಲ್ 29ರಂದು, ನೆಲಮಾಳಿಗೆಯಲ್ಲಿದ್ದ ವಿದ್ಯುತ್ ವಿತರಣಾ ಪೆಟ್ಟಿಗೆಯೊಂದರ ದೋಷದಿಂದ ಬೆಂಕಿ ಹತ್ತಿಕೊಂಡಿತು. ಹಳೆಯ ಮನೆಗಳಲ್ಲಿ ಗೋಡೆ ಮತ್ತು ಹಲಗೆಗಳ ನಡುವೆ ಪೊಳ್ಳು ಜಾಗಗಳಿರುತ್ತವೆ; ಲಿಫ್ಟಿನ ಕೊಳವೆಯಂತಹ ಹಾದಿಗಳೂ ಇರುತ್ತವೆ. ಅವುಗಳ ಮೂಲಕ ಬೆಂಕಿ ಮಾಡಿನವರೆಗೆ ಏರಿತು. ರಾತ್ರಿಯಾಗುವಷ್ಟರಲ್ಲಿ ಛಾವಣಿ ಕುಸಿಯಿತು. ಅದರ ಭಾರಕ್ಕೆ ಒಂದೊಂದೇ ಅಂತಸ್ತು ಕೆಳಗುರುಳಿತು. ಸ್ಪೀಕರ್ಸ್ ಪಾರ್ಲರ್ ಎಂಬ ಕೋಣೆಯೊಂದು ಹೆಚ್ಚು ಹಾನಿಯಿಲ್ಲದೆ ಉಳಿಯಿತು. ಆನ್‌ಸ್ಲೋ ಮನೆತನದ ಮೂವರು ಬ್ರಿಟಿಷ್ ಸಂಸತ್ತಿನ ಕೆಳಮನೆಯ ಸ್ಪೀಕರುಗಳಾಗಿದ್ದರು. ಅವರ ನೆನಪಿನ ಕೋಣೆ ಅದು. ಅವರಲ್ಲಿ ಆರ್ಥರ್ ಆನ್‌ಸ್ಲೋ ಎಂಬಾತ 1728ರಿಂದ 1761ರವರೆಗೆ, ಮೂವತ್ತಮೂರು ವರ್ಷ, ಆ ಪೀಠದಲ್ಲಿ ಕುಳಿತಿದ್ದನು. ಉಳಿದ ಕೋಣೆಗಳಲ್ಲಿ ಬಹುಪಾಲು ಬರಿಯ ಗೋಡೆಗಳಾದವು.

ಮನೆಯ ಒಡೆತನ ಆ ವೇಳೆಗೆ ಮನೆತನದ್ದಾಗಿರಲಿಲ್ಲ. 1895ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಅದನ್ನು 1956ರಲ್ಲಿ ದಾನವಾಗಿ ಕೊಡಲಾಗಿತ್ತು. ಮನೆಗೆ ವಿಮೆಯೂ ಇತ್ತು. ಮುಖ್ಯ ಅಂತಸ್ತಿನ ಕೋಣೆಗಳನ್ನು ಮೊದಲಿನಂತೆ ಕಟ್ಟಿ, ಮೇಲಿನ ಅಂತಸ್ತುಗಳನ್ನು ಹೊಸ ಬಗೆಯ ಪ್ರದರ್ಶನಗಳಿಗೆ ಮೀಸಲಿಡುವುದಾಗಿ ಟ್ರಸ್ಟ್ ಮೊದಲು ತಿಳಿಸಿತು. ಅದಕ್ಕಾಗಿ 2017ರಲ್ಲಿ ಸ್ಪರ್ಧೆ ನಡೆಸಿ ವಾಸ್ತುಶಿಲ್ಪಿಗಳನ್ನೂ ಆರಿಸಿತು. ಆದರೆ 2022ರಲ್ಲಿ ಮಾತು ಬದಲಾಯಿತು. ಒಳಗನ್ನು ಮತ್ತೆ ಕಟ್ಟುವುದಿಲ್ಲ. ಸುಟ್ಟ ಗೋಡೆಗಳನ್ನು ಸುಟ್ಟಂತೆಯೇ ಭದ್ರಪಡಿಸಿ, ನಡುವೆ ಓಡಾಡಲು ನಡೆಹಾದಿಗಳನ್ನೂ ಮೇಲೆ ತಾರಸಿಯನ್ನೂ ನಿರ್ಮಿಸಿ ಜನರಿಗೆ ತೋರಿಸುತ್ತೇವೆ ಎಂದು ಪ್ರಕಟಿಸಿತು. ನನ್ನ ವಿದ್ಯಾರ್ಥಿ ಹೊಗಳುವುದು ಈ ಎರಡನೆಯ ತೀರ್ಮಾನವನ್ನು. ನಾನು ಎತ್ತಿಹಿಡಿಯುವುದು ಮೊದಲನೆಯದನ್ನು.

ಅವನ ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆಯೇ ಖಂಡಿಸಬೇಕೆಂದು ಚರ್ಚಾಸ್ಪರ್ಧೆಗಳಲ್ಲಿ ನಿಮಗೆ ಹೇಳುತ್ತಿದ್ದವನು ನಾನೇ ಅಲ್ಲವೇ?

ಮೊದಲನೆಯ ವಾದ: ಮತ್ತೆ ಕಟ್ಟಿದ್ದು ನಕಲು, ನಕಲು ಎಂದರೆ ಸುಳ್ಳು. ಇದಕ್ಕೆ ದೊಡ್ಡ ಪರಂಪರೆಯೇ ಇದೆ. 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಅವನ ಗೆಳೆಯರು ಹಳೆಯ ಕಟ್ಟಡಗಳ ರಕ್ಷಣೆಗೆಂದು ಸಂಘವೊಂದನ್ನು ಕಟ್ಟಿದರು. ಪುನರುದ್ಧಾರದ ಹೆಸರಿನಲ್ಲಿ ಹಳೆಯ ಇಗರ್ಜಿಗಳನ್ನು ಕೆರೆದು, ತಮಗೆ ತೋಚಿದ ಹಳಮೆಯನ್ನು ಅಂಟಿಸುತ್ತಿದ್ದವರ ಮೇಲೆ ಅವರು ಸಿಟ್ಟಾಗಿದ್ದರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅವರು ತಡೆಯಹೊರಟದ್ದು, ಕಣ್ಣೆದುರು ನಿಂತಿದ್ದ ಹಳೆಯ ಕೆಲಸವನ್ನು ಕಿತ್ತು ಊಹೆಯನ್ನು ಪ್ರತಿಷ್ಠಾಪಿಸುವುದನ್ನು. ಕ್ಲ್ಯಾಂಡನ್ನಿನಲ್ಲಿ ಕೀಳುವುದಕ್ಕೆ ಏನಿದೆ? ಬೆಂಕಿಯೇ ಎಲ್ಲವನ್ನೂ ಕಿತ್ತಿದೆ. ಊಹಿಸಬೇಕಾದದ್ದಾದರೂ ಎಷ್ಟು? ಗೋಡೆಗಳು ನಿಂತಿವೆ, ಕೋಣೆಗಳ ಅಳತೆ ಇದೆ, ಛಾಯಾಚಿತ್ರಗಳಿವೆ, ಬೂದಿಯಲ್ಲಿ ಹುಡುಕಿ ತೆಗೆದ ಚೂರುಗಳಿವೆ.

ಇನ್ನು ಅಸಲು ಎಂದರೇನು ಎಂದೂ ಕೇಳಬೇಕಾಗುತ್ತದೆ. ನಾನು 2013ರಲ್ಲಿ ಕಂಡ ಮಾರ್ಬಲ್ ಹಾಲಿನ ಬಿಳುಪು 1730ರದ್ದಾಗಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಜಾನ್ ಫೌಲರ್ ಎಂಬ ಅಲಂಕಾರತಜ್ಞ ಆ ಮನೆಯ ಕೋಣೆಗಳನ್ನು ಮತ್ತೆ ಸಜ್ಜುಗೊಳಿಸಿದ್ದನು. ಮೂಲ ಮನೆಯಾದರೂ ಯಾವುದರ ಅಸಲು? ರೋಮನ್ನರ ಕಟ್ಟಡಗಳನ್ನು ಪಲ್ಲಾಡಿಯೋ ಅಳೆದು ಕಲಿತ. ಪಲ್ಲಾಡಿಯೋವಿನಿಂದ ಲಿಯೋನಿ ಕಲಿತ. ಲಿಯೋನಿಯ ನಕ್ಷೆಯನ್ನು ಇಂಗ್ಲಿಷ್ ಗಾರೆಯವರು ಇಂಗ್ಲಿಷ್ ಮಣ್ಣಿನ ಇಟ್ಟಿಗೆಯಲ್ಲಿ ಎಬ್ಬಿಸಿದರು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದ ವಿದ್ಯೆ ಅದು. ಇಂದಿನ ಕೈಗಳು ಅದನ್ನು ಮುಟ್ಟಿದ ಮಾತ್ರಕ್ಕೆ ಅದು ಸುಳ್ಳಾಗುವುದೆಂಬುದು ಯಾವ ನ್ಯಾಯ?

ಇಲ್ಲಿ ನಮ್ಮ ನಾಡಿನ ಒಂದು ನಿದರ್ಶನ ಕೊಡದೆ ಇರಲಾರೆ. ಬೇಲೂರಿಗೆ ನಾವು ಎಷ್ಟು ಸಲ ಪ್ರವಾಸ ಹೋಗಲಿಲ್ಲ! ಚೆನ್ನಕೇಶವ ದೇವಾಲಯದ ಮಹಾದ್ವಾರದ ಗೋಪುರದ ಕೆಳಗೇ ನಿಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದೆ. ಹಿಂದಿನ ಗೋಪುರ ಬೆಂಕಿಗೆ ಆಹುತಿಯಾದ ಮೇಲೆ, ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದನು. ಅದನ್ನು ಯಾರಾದರೂ ನಕಲು ಎಂದರೇ? ಜೀರ್ಣೋದ್ಧಾರ ಎಂಬ ಗೌರವದ ಶಬ್ದ ನಮ್ಮಲ್ಲಿದೆ. ದಾನ ಕೊಡುವುದಕ್ಕಿಂತ ಕೊಟ್ಟ ದಾನವನ್ನು ಕಾಪಾಡುವುದೇ ಹೆಚ್ಚಿನ ಪುಣ್ಯವೆಂಬ ಮಾತನ್ನು ನಮ್ಮ ಎಷ್ಟೋ ಶಾಸನಗಳು ಕೊನೆಯಲ್ಲಿ ನೆನಪಿಸುತ್ತವೆ. ಇಂಗ್ಲೆಂಡಿನವರು ನಮ್ಮ ಶಾಸನಗಳಂತೆ ನಡೆಯಬೇಕೆಂದು ನಾನು ಹೇಳುತ್ತಿಲ್ಲ. ಮತ್ತೆ ಕಟ್ಟುವುದು ಅಪ್ರಾಮಾಣಿಕ ಎಂಬುದು ಲೋಕದ ಎಲ್ಲರೂ ಒಪ್ಪಿದ ಸತ್ಯವೇನೂ ಅಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಎರಡನೆಯ ವಾದ: ಬರಿಯ ಗೋಡೆಗಳೇ ಒಂದು ಪಾಠ. ಇದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಗಾರೆ ಕಳಚಿಬಿದ್ದ ಮೇಲೆ, ತೊಲೆಗಳನ್ನು ಸೇರಿಸಿದ್ದ ಗೂಡುಗಳು, ಕಿಟಕಿಗಳ ಮೇಲಿನ ಭಾರವನ್ನು ಪಕ್ಕಕ್ಕೆ ಸಾಗಿಸುವ ಇಟ್ಟಿಗೆಯ ಕಮಾನುಗಳು, ಒಲೆಯಿಂದ ಒಲೆಗೆ ಏರುವ ಹೊಗೆಗೂಡುಗಳು, ಇವೆಲ್ಲ ಕಣ್ಣಿಗೆ ಬೀಳುತ್ತವೆ. ಮುನ್ನೂರು ವರ್ಷಗಳ ಹಿಂದಿನ ಮೇಸ್ತ್ರಿಯ ಬುದ್ಧಿಯನ್ನು ಹೀಗೆ ತೆರೆದು ನೋಡುವ ಅವಕಾಶ ಅಪರೂಪದ್ದು. ಮಕ್ಕಳಿಗೆ ಪಾಠ ಹೇಳಿದ ನಾನು ಅದನ್ನು ಹೇಗೆ ಅಲ್ಲಗಳೆಯಲಿ?

ಆದರೆ ಶರೀರಶಾಸ್ತ್ರದ ಕೋಣೆಯಲ್ಲಿ ತೂಗುಹಾಕಿದ ಅಸ್ಥಿಪಂಜರದಿಂದ ಎಲುಬುಗಳ ಪಾಠ ಕಲಿಯಬಹುದು. ಆ ಮನುಷ್ಯ ಹೇಗೆ ನಗುತ್ತಿದ್ದನೆಂಬುದನ್ನು ಕಲಿಯಲಾಗುವುದಿಲ್ಲ. ಇಟ್ಟಿಗೆ ಅರ್ಧಭಾಗ ಮಾತ್ರ ಎಂದೆನಲ್ಲವೇ? ಕ್ಲ್ಯಾಂಡನ್ನಿನ ಹಿರಿಮೆ ಇದ್ದುದು ಒಳಗೆ. ಒಳಗನ್ನು ಬಿಟ್ಟು ಹೊರಗಿನ ಪೆಟ್ಟಿಗೆಯನ್ನು ಮಾತ್ರ ಉಳಿಸಿದರೆ, ನನ್ನವಳು ದೂರದಿಂದ ಕಂಡು ನಕ್ಕ ಮನೆ ಉಳಿಯುತ್ತದೆ. ಬಾಗಿಲು ದಾಟಿ ಮಾತು ನಿಲ್ಲಿಸಿದ ಮನೆ ಉಳಿಯುವುದಿಲ್ಲ. ಇಟ್ಟಿಗೆಯ ಪಾಠಕ್ಕೆ ಒಂದೆರಡು ಕೋಣೆಗಳನ್ನು ಬೆತ್ತಲೆಯಾಗಿ ಬಿಡಲಿ, ಸಾಕು. ಅಸ್ಥಿಪಂಜರವನ್ನು ತೋರಿಸಲು ಇಡೀ ಊರನ್ನೇ ಅಸ್ಥಿಪಂಜರವಾಗಿಸಬೇಕಾಗಿಲ್ಲ.

ಮೂರನೆಯ ವಾದ: ಹೆಚ್ಚು ನಾಶವಾಗಿದೆ, ಉಳಿದದ್ದು ತೀರ ಕಡಿಮೆ. ಇದಕ್ಕೆ ಉತ್ತರ ಕೊಡುವವನು ನಾನಲ್ಲ, ಅದೇ ಟ್ರಸ್ಟ್. ಸಸೆಕ್ಸ್ ಸೀಮೆಯ ಅಪ್‌ಪಾರ್ಕ್ ಎಂಬ ಮನೆಯೂ ಅದೇ ಟ್ರಸ್ಟಿನದು. ಕ್ಲ್ಯಾಂಡನ್ನಿಗಿಂತ ಸುಮಾರು ನಾಲ್ವತ್ತು ವರ್ಷ ಹಿರಿಯದಾದ ಇಟ್ಟಿಗೆಯ ಮನೆ. ಕಾದಂಬರಿಕಾರ ಎಚ್.ಜಿ. ವೆಲ್ಸನ ತಾಯಿ ಅಲ್ಲಿ ಮನೆವಾರ್ತೆಯವಳಾಗಿದ್ದಳು. 1989ರ ಆಗಸ್ಟ್ 30ರಂದು, ಮಾಡಿನ ಸೀಸದ ತಗಡನ್ನು ರಿಪೇರಿ ಮಾಡುವಾಗ ತಗುಲಿದ ಬೆಂಕಿಯಿಂದ ಅದರ ಮೇಲ್ಭಾಗವೆಲ್ಲ ಉರಿದುಹೋಯಿತು. ಟ್ರಸ್ಟ್ ಅದನ್ನು ಬೆಂಕಿಯ ಹಿಂದಿನ ದಿನ ಹೇಗಿತ್ತೋ ಹಾಗೆ ಕಟ್ಟಿ 1995ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಸಾಮಾನುಗಳನ್ನು ಹೆಚ್ಚಾಗಿ ಹೊರಕ್ಕೆ ತರಲು ಸಾಧ್ಯವಾಗಿತ್ತು, ಕ್ಲ್ಯಾಂಡನ್ನಿನಲ್ಲಿ ಆಗಲಿಲ್ಲ ಎಂಬ ವ್ಯತ್ಯಾಸ ನಿಜ. ಹಾಗಾದರೆ ಸುಟ್ಟ ಚಿತ್ರಪಟಗಳನ್ನೂ ಪಿಂಗಾಣಿಯನ್ನೂ ನಕಲು ಮಾಡುವುದು ಬೇಡ. ಅವು ಹೋದವು, ಹೋದವೆಂದೇ ಬರೆದಿಡಲಿ. ಗೋಡೆ, ಮಾಡು, ಗಾರೆ ಇವುಗಳ ಮಾತು ಬೇರೆ. ಅವು ಕಸುಬಿನಿಂದ ಹುಟ್ಟಿದವು; ಕಸುಬು ಬದುಕಿದ್ದರೆ ಮತ್ತೆ ಹುಟ್ಟುತ್ತವೆ.

ನನ್ನ ಎದೆಗೆ ಹತ್ತಿರವಾದ ಮಾತು ಇದೇ. ಅಪ್‌ಪಾರ್ಕಿನ ಕೆಲಸ ಆರಂಭವಾದಾಗ, ಅಚ್ಚಿನ ನೆರವಿಲ್ಲದೆ, ಸುಣ್ಣದ ಗಾರೆ ಗಟ್ಟಿಯಾಗುವುದರೊಳಗೆ ಕೈಯಿಂದಲೇ ಹೂವು, ಬಳ್ಳಿಗಳನ್ನು ಎಬ್ಬಿಸುವ ವಿದ್ಯೆ ಆ ದೇಶದಲ್ಲಿ ಹೆಚ್ಚುಕಡಿಮೆ ಮರೆತುಹೋಗಿತ್ತು. ಗಾರೆ ಯಾವ ಹದದಲ್ಲಿರಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಹಳೆಯ ತುಂಡುಗಳನ್ನು ಪರೀಕ್ಷಿಸಿ, ಕೆಡಿಸಿ, ಮತ್ತೆ ಮಾಡಿ ಕಲಿತರು. ಬೆಂಕಿ ಬೀಳದಿದ್ದರೆ ಆ ಕಲಿಕೆ ಆಗುತ್ತಿರಲಿಲ್ಲ. ಬೆಂಕಿ ಬಿದ್ದೂ ಕಟ್ಟದೆ ಬಿಟ್ಟಿದ್ದರೂ ಆಗುತ್ತಿರಲಿಲ್ಲ. ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿ 2019ರ ಏಪ್ರಿಲಿನಲ್ಲಿ ಉರಿದಾಗ ಎಷ್ಟು ಜನ ಹಣೆ ಚಚ್ಚಿಕೊಂಡರು! 2024ರ ಡಿಸೆಂಬರಿನಲ್ಲಿ ಅದು ಮತ್ತೆ ತೆರೆಯಿತು. ಅದರ ಮಾಡಿಗಾಗಿ ಓಕ್ ಮರದ ದಿಮ್ಮಿಗಳನ್ನು ಹಳೆಯ ರೀತಿಯಲ್ಲಿ ಕೊಡಲಿಯಿಂದ ಕೆತ್ತಿದ ಬಡಗಿಗಳಿದ್ದಾರೆ. ಅವರಲ್ಲಿ ಕಿರಿಯರು ಇನ್ನು ನಾಲ್ವತ್ತು ವರ್ಷ ಆ ವಿದ್ಯೆಯನ್ನು ಕೈಯಲ್ಲಿ ಹೊತ್ತು ತಿರುಗುತ್ತಾರೆ.

ಪುಸ್ತಕದಲ್ಲಿ ಬರೆದಿಟ್ಟ ವಿದ್ಯೆ ಪುಸ್ತಕದಲ್ಲಿಯೇ ಉಳಿಯುತ್ತದೆ. ಮೂವತ್ತನಾಲ್ಕು ವರ್ಷ ಕರಿಹಲಗೆಯ ಮುಂದೆ ನಿಂತವನ ಅನುಭವ ಇದು. ಮಗ್ಗಿಯನ್ನು ಗೋಡೆಗೆ ತೂಗುಹಾಕಿದರೆ ಹುಡುಗರಿಗೆ ಮಗ್ಗಿ ಬರುವುದಿಲ್ಲ, ಹೇಳಿಸಿದರೆ ಬರುತ್ತದೆ. ಮಾರ್ಬಲ್ ಹಾಲಿನ ಮಾಡನ್ನು ಮತ್ತೆ ಕಟ್ಟುವುದೆಂದರೆ ಒಂದು ತಲೆಮಾರಿನ ಗಾರೆಯವರಿಗೆ, ಬಡಗಿಗಳಿಗೆ, ಕಲ್ಲುಕುಟಿಗರಿಗೆ ಶಾಲೆ ತೆರೆದಂತೆ. ಆ ಶಾಲೆಯನ್ನು ಮುಚ್ಚಿ, ಅದರ ಜಾಗದಲ್ಲಿ ಸೂರ್ಯಾಸ್ತ ನೋಡಲು ತಾರಸಿ ಕಟ್ಟುತ್ತೇವೆ ಎಂದರೆ ಒಬ್ಬ ಮೇಷ್ಟ್ರು ಹೇಗೆ ಸುಮ್ಮನಿರಬೇಕು?

ನಾಲ್ಕನೆಯ ವಾದವನ್ನು ನನ್ನ ವಿದ್ಯಾರ್ಥಿ ಸಂಕೋಚದಿಂದ ಎತ್ತಿದ್ದಾನೆ. ಎಲ್ಲಕ್ಕಿಂತ ಗಂಭೀರವಾದದ್ದು ಅದೇ. ಥಾಮಸ್ ಆನ್‌ಸ್ಲೋ ಅಷ್ಟು ದೊಡ್ಡ ಮನೆ ಕಟ್ಟಲು ಹಣ ಎಲ್ಲಿಂದ ಬಂತು? ಅವನ ಹೆಂಡತಿ ಎಲಿಜಬೆತ್ ನೈಟ್, ಜಮೈಕಾದ ತೋಟಗಳಿಂದಲೂ ಗುಲಾಮರ ವ್ಯಾಪಾರದಿಂದಲೂ ಬೆಳೆದ ಸಂಪತ್ತಿನ ವಾರಸುದಾರಳು. ಆಫ್ರಿಕಾದಿಂದ ಕದ್ದು ತಂದ ಮನುಷ್ಯರ ಬೆವರು ಆ ಘನಾಕೃತಿಯ ಮೊಗಸಾಲೆಯೊಳಗೆ ಸೇರಿದೆ. ಅಂತಹ ಮನೆ ಸುಟ್ಟುಹೋದರೆ ಹೋಗಲಿ, ಹಾಳಾಗಿಯೇ ನಿಲ್ಲಲಿ ಎನ್ನುವವರ ಕೋಪ ನನಗೆ ಅರ್ಥವಾಗುತ್ತದೆ. ನಾವೂ ಅದೇ ಸಾಮ್ರಾಜ್ಯದ ಕೈಕೆಳಗಿದ್ದವರು.

ಆದರೆ ಹಾಳುಗೋಡೆ ಆ ಕಥೆಯನ್ನು ಹೇಳುವುದಿಲ್ಲ, ಮುಚ್ಚುತ್ತದೆ. ಮಸಿ ಹಿಡಿದ ಇಟ್ಟಿಗೆಯ ಮುಂದೆ ನಿಂತವನಿಗೆ ತೋಚುವುದು ಬೆಂಕಿಯ ಕಥೆ ಒಂದೇ: ಏಪ್ರಿಲ್ 29, ವಿದ್ಯುತ್ ಪೆಟ್ಟಿಗೆ, ಅಗ್ನಿಶಾಮಕ ದಳ. ಎಂತಹ ವೈಭವ ಇತ್ತೆಂದು ಕಣ್ಣಿಗೆ ಕಂಡರಲ್ಲವೇ, ಈ ವೈಭವಕ್ಕೆ ಯಾರು ಬೆಲೆ ತೆತ್ತರು ಎಂಬ ಪ್ರಶ್ನೆ ಹುಟ್ಟುವುದು? ಆ 40 ಅಡಿ ಎತ್ತರದ ಬೆಳ್ಳನೆಯ ಮಾಡಿನ ಕೆಳಗೆ ಮಕ್ಕಳನ್ನು ನಿಲ್ಲಿಸಿ, ಜಮೈಕಾದ ಕಥೆಯನ್ನು ಅಲ್ಲಿಯೇ ಹೇಳಲಿ. 2013ರಲ್ಲಿ ನಮಗೆ ಮನೆ ತೋರಿಸಿದ ವಯಸ್ಸಾದ ಸ್ವಯಂಸೇವಕಿ ಗಾರೆಯ ಬಗ್ಗೆ, ಪಿಂಗಾಣಿಯ ಬಗ್ಗೆ ಪ್ರೀತಿಯಿಂದ ವಿವರಿಸಿದಳು. ಹಣದ ಮೂಲದ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ನಮ್ಮಿಬ್ಬರ ತಪ್ಪು. ಆ ತಪ್ಪನ್ನು ತಿದ್ದಬೇಕಾದರೆ ಮನೆ ಬೇಕು.

ಕೊನೆಯದಾಗಿ, ಆ ಮನೆಯ ತೋಟದಲ್ಲಿದ್ದ ಇನ್ನೊಂದು ಮನೆಯ ವಿಷಯ. ನ್ಯೂಜಿಲೆಂಡಿನ ಗವರ್ನರನಾಗಿದ್ದ ನಾಲ್ಕನೆಯ ಅರ್ಲ್ ಆನ್‌ಸ್ಲೋ, 1892ರಲ್ಲಿ ಹಿಂದಿರುಗುವಾಗ ಮಾವೊರಿ ಜನರ ಕೆತ್ತನೆಯ ಸಭಾಮಂದಿರವೊಂದನ್ನು ಕೊಂಡು ಹಡಗಿನಲ್ಲಿ ತಂದನು. ಅದರ ಹೆಸರು ಹಿನೆಮಿಹಿ. 1886ರಲ್ಲಿ ತರವೆರಾ ಜ್ವಾಲಾಮುಖಿ ಸಿಡಿದಾಗ ಅದರೊಳಗೆ ಆಶ್ರಯ ಪಡೆದವರು ಬದುಕಿ ಉಳಿದಿದ್ದರು. ಮಾವೊರಿಗಳಿಗೆ ಅದು ಬರಿಯ ಮರದ ಕಟ್ಟಡವಲ್ಲ, ಒಬ್ಬ ಪೂರ್ವಜೆಯ ದೇಹ. 2015ರ ಬೆಂಕಿ ಅದನ್ನು ಮುಟ್ಟಲಿಲ್ಲ. ಅದರ ಕೆತ್ತನೆಗಳನ್ನು ಅವರ ನಾಡಿಗೆ ಹಿಂದಿರುಗಿಸಲು, ಪ್ರತಿಯಾಗಿ ಹೊಸ ಕೆತ್ತನೆಗಳನ್ನು ಪಡೆಯಲು ಟ್ರಸ್ಟ್ ಒಪ್ಪಿಕೊಂಡಿತು. ಎಷ್ಟು ಯೋಗ್ಯವಾದ ಕೆಲಸ! ಹಳೆಯದು ತನ್ನವರ ಬಳಿಗೆ ಹೋಗುತ್ತದೆ. ಅದನ್ನು ಕಡೆದವರ ವಂಶದ ವಿದ್ಯೆ ಹೊಸ ಮರದಲ್ಲಿ ಮತ್ತೆ ಕಡೆಯುತ್ತದೆ. ಆ ಹೊಸ ಕೆತ್ತನೆಯನ್ನು ನಕಲು, ಸುಳ್ಳು ಎಂದು ಟ್ರಸ್ಟ್ ಹೇಳಲಿಲ್ಲ. ತೋಟದ ಮನೆಗೆ ಸಲ್ಲುವ ನ್ಯಾಯ ದೊಡ್ಡ ಮನೆಗೆ ಏಕೆ ಸಲ್ಲಬಾರದು?

2018ರಲ್ಲಿ ಮತ್ತೊಮ್ಮೆ ಮಗಳ ಮನೆಗೆ ಹೋದಾಗ ನಾವು ಕ್ಲ್ಯಾಂಡನ್ನಿನ ಹೊರಗೆ ನಿಂತು ಬಂದೆವು. ಇಡೀ ಮನೆ ಸಾರುವೆಯ ಮರೆಯಲ್ಲಿತ್ತು. ಸಾರುವೆ ಕಟ್ಟಿದ್ದಾರೆ, ಇನ್ನು ಕೆಲಸ ನಡೆಯುತ್ತದೆ ಎಂದು ನನ್ನವಳು ಸಮಾಧಾನ ಹೇಳಿದಳು. ಸಾರುವೆ ಕಟ್ಟುವುದು ಮನೆ ಏಳಿಸುವುದಕ್ಕೆ ಎಂಬುದು ನಮ್ಮ ತಿಳಿವಳಿಕೆ. ಅವಳು ಈಗಿಲ್ಲ. ಆ ಮೊಗಸಾಲೆಯಲ್ಲಿ ಕತ್ತೆತ್ತಿ ನಿಂತಿದ್ದ ಅವಳ ಭಾವಚಿತ್ರ ನನ್ನ ಮೇಜಿನ ಮೇಲಿದೆ; ಹಿಂದೆ ಗಾರೆಯ ಒಂದು ಕಾಲು ಇಳಿಬಿದ್ದಿರುವುದು ಕಾಣುತ್ತದೆ. ನನ್ನ ವಾದಕ್ಕೆ ಈ ಮಮತೆಯೂ ಸ್ವಲ್ಪ ಕಾರಣವಿರಬಹುದು. ಅದನ್ನು ಮುಚ್ಚಿಡುವುದಿಲ್ಲ, ಆದರೆ ಮಮತೆಯನ್ನು ತೆಗೆದಿಟ್ಟು ನೋಡಿದರೂ ಮೇಲಿನ ಮಾತುಗಳಲ್ಲಿ ಒಂದೂ ಸಡಿಲವಾಗುವುದಿಲ್ಲ ಎಂದು ನಂಬಿದ್ದೇನೆ.

ಮಗೂ, ನೀನು ಕಟ್ಟುವ ಉದ್ಯೋಗದಲ್ಲಿರುವವನು. ಕೆಡವುವವರಿಗೂ ಕೈಚೆಲ್ಲುವವರಿಗೂ ಲೋಕದಲ್ಲಿ ಕೊರತೆಯಿಲ್ಲ. ಟ್ರಸ್ಟಿಗೆ ಲಕ್ಷಾಂತರ ಸದಸ್ಯರಿದ್ದಾರೆ, ನೀನೂ ಒಬ್ಬನೆಂದು ಬರೆದಿದ್ದೀಯೆ. 2017ರ ಯೋಜನೆಯನ್ನು ಮತ್ತೊಮ್ಮೆ ತೆರೆದು ಓದು. ಮುಖ್ಯ ಅಂತಸ್ತಿಗೆ ಸೂರು, ಗಾರೆ, ಬೆಳಕು. ಮೇಲೆ ಹೊಸದಕ್ಕೆ ಜಾಗ. ಬೇಕಾದ ಕಡೆ ಬತ್ತಲೆ ಇಟ್ಟಿಗೆ. ಅದರಲ್ಲಿ ಸುಳ್ಳು ಎಲ್ಲಿದೆ ಎಂದು ಬೆರಳಿಟ್ಟು ತೋರಿಸು. ತೋರಿಸಿದರೆ ಇದೇ ಜಾಗದಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ಬರೆಯುತ್ತೇನೆ. ತೋರಿಸಲಾಗದಿದ್ದರೆ ನಿನ್ನ ಹೆಸರಿನಲ್ಲಿ ಟ್ರಸ್ಟಿಗೆ ಒಂದು ಕಾಗದ ಬರೆದು ಹಾಕು. ಅಕ್ಷರ ಮಾತ್ರ ಬಿಡಿಸಿ ಬರೆ.

ಉಳಿದವರೂ ನಿಮ್ಮ ಅಭಿಪ್ರಾಯ ತಿಳಿಸಿ. ವಿರೋಧವಿದ್ದರೆ ಇನ್ನೂ ಸಂತೋಷ.

ನಿಮ್ಮ ಮೇಷ್ಟ್ರು